ಬೇಣದ ಹುಲ್ಲುನೆಲವೂ ಆಟದ ಕೂಟಗಳೂ

ಸಾಗರ, ಹೊಸನಗರ ಮತ್ತು ತೀರ್ಥಹಳ್ಳಿ ತಾಲ್ಲೂಕುಗಳ ಗ್ರಾಮಗಳಲ್ಲಿ ಆಟದ ಕೂಟಗಳು ಈಚಿನ ವರ್ಷಗಳಲ್ಲಿ ದೊಡ್ಡವಾಗುತ್ತಲಿವೆ. ಹಿಂದೆ ಊರ ಹುಡುಗರ ಸಂಜೆಯ ವಿನೋದವಾಗಿದ್ದ ಚೆಂಡಾಟವು ಇಂದು ಬಹುಮಾನ, ಧ್ವನಿವರ್ಧಕ ಮತ್ತು ರಾತ್ರಿಯ ದೀಪಗಳೊಡನೆ ಎರಡು ಮೂರು ದಿನ ನಡೆಯುವ ಕ್ರಿಕೆಟ್ ಪಂದ್ಯಾವಳಿಯಾಗಿದೆ. ಜೀಪು ಮತ್ತು ಮೋಟಾರು ಸೈಕಲ್ಲುಗಳನ್ನು ಗುಡ್ಡದ ಮೇಲೆ ಓಡಿಸುವ ವಿನೋದವೂ ಮಲೆನಾಡಿಗೆ ಬಂದಿದೆ. ಇವುಗಳಿಂದ ಊರಿಗೆ ಉತ್ಸಾಹವೂ, ವ್ಯಾಪಾರವೂ, ತರುಣರಲ್ಲಿ ಐಕಮತ್ಯವೂ ಉಂಟಾಗುವುದರಿಂದ ಇವು ಬೇಡವೆಂದು ಹೇಳುವುದು ಈ ಲೇಖನದ ಉದ್ದೇಶವಲ್ಲ. ಆದರೆ ಕೂಟವು ದೊಡ್ಡದಾದಂತೆಲ್ಲ ವಿಶಾಲವಾದ ಬಯಲು ಬೇಕಾಗುವುದು. ಕಾಡು, ತೋಟ, ಗದ್ದೆಗಳಿಂದ ತುಂಬಿದ ನಮ್ಮ ಸೀಮೆಯಲ್ಲಿ ಬಯಲೆಂದು ಕಣ್ಣಿಗೆ ಬೀಳತಕ್ಕದ್ದು ಬೇಣವೊಂದೇ. ಸ್ಥಳವನ್ನು ಗೊತ್ತುಮಾಡಿಕೊಡುವ ಭಾರವು ಸಾಮಾನ್ಯವಾಗಿ ಗ್ರಾಮದ ಮುಖಂಡರ ಮತ್ತು ಜಮೀನುದಾರರ ಮೇಲೆ ಬೀಳುವುದರಿಂದ, ಬೇಣದ ಸ್ವಭಾವವೇನು, ಜನಸಂದಣಿಯಿಂದ ಅದಕ್ಕೆ ಆಗುವ ಹಾನಿಯೇನು, ಆಟವನ್ನೂ ಹುಲ್ಲನ್ನೂ ಒಟ್ಟಿಗೆ ಉಳಿಸಿಕೊಳ್ಳುವ ಬಗೆ ಹೇಗೆ ಎಂಬುದನ್ನು ಇಲ್ಲಿ ವಿವರಿಸಿದೆ.

ಬೇಣವು ಬರಿದಾದ ನೆಲವಲ್ಲ

ಹೆಗ್ಗೋಡಿನ ಸುತ್ತಲಿನ ದಿಣ್ಣೆಗಳಲ್ಲಿ ಕಾಣುವಂತೆ, ನಮ್ಮ ಬೇಣಗಳಲ್ಲಿ ಬಹುಭಾಗವು ಜಂಬಿಟ್ಟಿಗೆಯ ಮೇಲೆ ನಿಂತಿದೆ. 1801ರಲ್ಲಿ ಈ ಪ್ರಾಂತದ ಇಕ್ಕೇರಿ, ನಗರಗಳ ಮಾರ್ಗವಾಗಿ ಸಂಚರಿಸಿದ ಫ್ರಾನ್ಸಿಸ್ ಬುಕಾನನ್ ಎಂಬ ವೈದ್ಯನು 1807ರಲ್ಲಿ ಪ್ರಕಟಿಸಿದ ತನ್ನ ಪ್ರವಾಸದ ಗ್ರಂಥದಲ್ಲಿ, ಮಲಬಾರಿನಲ್ಲಿ ಕಂಡ ಇದೇ ಜಾತಿಯ ಕಲ್ಲಿಗೆ, ಇಟ್ಟಿಗೆಯಂತೆ ಕಡಿಯಬಹುದಾದ ಕಾರಣ, ಲ್ಯಾಟರೈಟ್ ಎಂಬ ಹೆಸರನ್ನು ಕೊಟ್ಟನು. ಈ ಕಲ್ಲಿನ ಮೇಲಿರುವ ಮಣ್ಣು ಅನೇಕ ಕಡೆ ಕೆಲವೇ ಅಂಗುಲಗಳಷ್ಟು ಮಾತ್ರ. ಶತಮಾನಗಳ ಮಳೆಯು ಸುಣ್ಣದಂಶವನ್ನೂ ಸಾರವನ್ನೂ ತೊಳೆದುಕೊಂಡು ಹೋಗಿರುವುದರಿಂದ ಆ ಮಣ್ಣು ಹುಳಿಯಾಗಿರುವುದು, ಸತ್ತ್ವವೂ ಅಲ್ಪವಾಗಿರುವುದು.

ಇಂಥ ಬಡನೆಲದಲ್ಲಿಯೇ ಬದುಕಲು ಕಲಿತ ಸಸ್ಯಗಳು ಇಲ್ಲಿವೆ. ಮನೆಯ ಹೊದಿಕೆಗೂ, ಕೊಟ್ಟಿಗೆಯ ಹಾಸಿಗೂ, ಮೇವಿಗೂ ಬರುವ ಕರಡವನ್ನು ಎಲ್ಲರೂ ಬಲ್ಲರು. ಆದರೆ ಮುಂಗಾರು ಹಿಡಿದ ಮೇಲೆ, ನೀರು ಜಿನುಗುವ ಕಡೆಗಳಲ್ಲಿ ಬಗ್ಗಿ ನೋಡಿದರೆ, ಬಿಳಿಯ ಗುಂಡಿಯಂಥ ಹೂತಲೆಗಳುಳ್ಳ ಗಿಡಗಳೂ, ನೇರಿಳೆ ಬಣ್ಣದ ಸಣ್ಣ ಹೂಗಳನ್ನು ಬಿಟ್ಟು ಬೇರಿನ ಸ್ಥಾನದ ಪುಟ್ಟ ಚೀಲಗಳಲ್ಲಿ ನೀರಿನ ಸೂಕ್ಷ್ಮ ಜೀವಿಗಳನ್ನು ಹಿಡಿಯುವ ಗಿಡಗಳೂ, ಎಲೆಯ ಮೇಲಿನ ಅಂಟುಹನಿಗಳಿಂದ ನೊಣವನ್ನು ಸೆರೆಹಿಡಿಯುವ ಗಿಡಗಳೂ, ನೆಲದ ಸೀತಾಳೆಗಳೂ, ಕರ್ಣಕುಂಡಲವೂ ಕಾಣುವವು. ಮಣ್ಣಿನಲ್ಲಿ ದೊರೆಯದ ಸಾರಜನಕವನ್ನು ಹುಳುಗಳಿಂದ ಪಡೆಯುವ ಈ ಉಪಾಯವೇ ಅಲ್ಲಿನ ಮಣ್ಣು ಎಷ್ಟು ಬಡವೆಂಬುದಕ್ಕೆ ಸಾಕ್ಷಿ. ಜಂಬಿಟ್ಟಿಗೆ ಹಾಸಿನ ಸಸ್ಯಗಳಲ್ಲಿ ಕೆಲವು ಪಶ್ಚಿಮಘಟ್ಟಗಳ ಹೊರತು ಭೂಮಿಯ ಮೇಲೆ ಬೇರೆಲ್ಲಿಯೂ ಇಲ್ಲ. ಟಿಟ್ಟಿಭ ಅಥವಾ ತೇನೆಹಕ್ಕಿಯೂ, ನತ್ತಿಂಗವೂ ಮರದ ಮೇಲೆ ಗೂಡು ಕಟ್ಟದೆ ಬರಿಯ ನೆಲದ ಮೇಲೆಯೇ ಮೊಟ್ಟೆಯಿಡುತ್ತವೆ. ಕಲ್ಲಿನ ಬಣ್ಣದಲ್ಲಿ ಬೆರೆತಿರುವ ಆ ಮೊಟ್ಟೆಗಳು ತುಳಿಯುವವನ ಕಣ್ಣಿಗೆ ಬೀಳುವುದಿಲ್ಲ.

ಮರವಿಲ್ಲದ ನೆಲವು ವ್ಯರ್ಥವಾದ ನೆಲವೆಂಬ ಭಾವನೆಯಿಂದ ಬೇಣಗಳಿಗೆ ಈ ಮೊದಲೇ ಸಾಕಷ್ಟು ನಷ್ಟವಾಗಿದೆ. 1980ರ ದಶಕದಿಂದೀಚೆಗೆ ಮಲೆನಾಡಿನ ಎಷ್ಟೋ ಹುಲ್ಲುದಿಣ್ಣೆಗಳು ಅಕೇಶಿಯಾ ನೆಡುತೋಪುಗಳಾದವು. ಉಳಿದವುಗಳಲ್ಲಿ ಕೆಲವು ಒತ್ತುವರಿಯಾದವು, ಕೆಲವು ಕಲ್ಲುಕ್ವಾರಿಗಳಾದವು. ಈಗ ಉಳಿದಿರುವುದು ಸ್ವಲ್ಪವೇ ಆದ್ದರಿಂದ ಅದರ ಬೆಲೆಯು ಹೆಚ್ಚು.

ತೋಟದ ಯಜಮಾನನಿಗೆ ಇದರಲ್ಲಿ ಇನ್ನೊಂದು ಸ್ವಾರ್ಥವೂ ಉಂಟು. ನಮ್ಮ ಅಡಕೆಯ ತೋಟಗಳು ಕಣಿವೆಯಲ್ಲಿವೆ. ಬೇಣವು ಅವುಗಳ ತಲೆಯ ಮೇಲಿದೆ. ಒಂದು ಎಕರೆ ನೆಲದ ಮೇಲೆ ಒಂದು ಅಂಗುಲ ಮಳೆ ಬಿದ್ದರೆ ಆ ನೀರು ಒಂದು ಲಕ್ಷ ಲೀಟರಿಗಿಂತ ಸ್ವಲ್ಪ ಹೆಚ್ಚಾಗುವುದು. ಹುಲ್ಲಿನ ಬೇರು ಹೆಣೆದ ಸಡಿಲ ಮಣ್ಣು ಅದರಲ್ಲಿ ಒಂದು ಭಾಗವನ್ನು ಹೀರಿ, ಕಲ್ಲಿನ ರಂಧ್ರಗಳ ಮೂಲಕ ಮೆಲ್ಲಗೆ ಕೆಳಗಿನ ಒರತೆಗೆ ಕೊಡುವುದು. ಬೇಣವು ಗಟ್ಟಿಯಾದರೆ ಅದೇ ನೀರು ಮಣ್ಣನ್ನು ಹೊತ್ತುಕೊಂಡು ಒಂದೇ ದಿನದಲ್ಲಿ ಹರಿದುಹೋಗುವುದು. ಹಾಗಾದಲ್ಲಿ ಮಳೆಗಾಲದಲ್ಲಿ ತೋಟದ ಕಾಲುವೆಯಲ್ಲಿ ಹೂಳು ತುಂಬುವುದು, ಬೇಸಗೆಯಲ್ಲಿ ಒರತೆಯು ಬೇಗನೆ ಬತ್ತುವುದು.

ಜನಸಂದಣಿಯಿಂದಾಗುವ ಹಾನಿ

ಮೊದಲನೆಯದು ತುಳಿತ. ಮಣ್ಣಿನ ಕಣಗಳ ನಡುವಿನ ಸಂದುಗಳಲ್ಲಿಯೇ ಗಾಳಿಯೂ ನೀರೂ ಇರತಕ್ಕದ್ದು. ಕಾಲ್ತುಳಿತದಿಂದಲೂ ಗಾಲಿಯ ಭಾರದಿಂದಲೂ ಈ ಸಂದುಗಳು ಮುಚ್ಚಿಹೋಗುತ್ತವೆ. ಒದ್ದೆಯಾದ ಮಣ್ಣು ಒಣಗಿದ ಮಣ್ಣಿಗಿಂತ ಬಹುಬೇಗ ಅಮರಿಕೊಳ್ಳುವುದು. ಅಲ್ಲದೆ, ಹಾನಿಯ ಹೆಚ್ಚಿನ ಪಾಲು ಮೊದಲ ಕೆಲವು ಓಡಾಟಗಳಲ್ಲಿಯೇ ಆಗಿಹೋಗುವುದು. ಆದ್ದರಿಂದ ಜನರನ್ನೂ ವಾಹನಗಳನ್ನೂ ಬಯಲಿನ ತುಂಬ ಹರಡಿಬಿಡುವುದಕ್ಕಿಂತ ಒಂದೇ ದಾರಿಯಲ್ಲಿ ನಡೆಸುವುದು ಮೇಲು. ಗರಿಕೆಯಂತೆ ನೆಲಕ್ಕೆ ಅಂಟಿಕೊಂಡು ಹಬ್ಬುವ ಹುಲ್ಲು ತುಳಿತವನ್ನು ತಾಳಿಕೊಳ್ಳುವುದು. ಗೊಂಚಲಾಗಿ ಎದ್ದುನಿಲ್ಲುವ ಹುಲ್ಲೂ, ಮಳೆಗಾಲದ ಎಳೆಯ ಸಸ್ಯಗಳೂ ತಾಳಲಾರವು.

ಎರಡನೆಯದು ಗಾಲಿಯ ಜಾಡು. ಇಳಿಜಾರಿನಲ್ಲಿ ನೇರವಾಗಿ ಮೇಲೇರಿದ ಜೀಪಿನ ಜಾಡು ಮುಂದಿನ ಮಳೆಗೆ ಕಾಲುವೆಯಾಗುವುದು, ಕೆಲವು ವರ್ಷಗಳಲ್ಲಿ ಕೊರಕಲಾಗುವುದು. ಕೆಲವೇ ಅಂಗುಲ ಮಣ್ಣಿರುವ ಕಡೆ ಹೀಗೆ ಕಲ್ಲು ಹೊರಬಿದ್ದರೆ, ನಮ್ಮ ಮೊಮ್ಮಕ್ಕಳ ಕಾಲಕ್ಕೂ ಅಲ್ಲಿ ಹುಲ್ಲು ಕಾಣುವುದು ಸಂಶಯ.

ಮೂರನೆಯದು ಹೊರಗಿನ ಬೀಜ. ವಾಹನಗಳ ಗಾಲಿಗೆ ಮೆತ್ತಿದ ಕೆಸರಿನಲ್ಲಿಯೂ, ಅಂಕಣ ಮಾಡಲು ತಂದು ಸುರಿದ ಮಣ್ಣಿನಲ್ಲಿಯೂ ಕಾಂಗ್ರೆಸ್ ಹುಲ್ಲು, ಯುಪಟೋರಿಯಂ ಮೊದಲಾದ ಕಳೆಗಳ ಬೀಜಗಳು ಬರುತ್ತವೆ. ಹುಲ್ಲಿನ ಹಾಸು ಹರಿದ ಕಡೆಯಲ್ಲಿಯೇ ಅವು ಮೊದಲು ಬೇರೂರುತ್ತವೆ.

ನಾಲ್ಕನೆಯದು ಸುಣ್ಣ. ಗೆರೆ ಎಳೆಯಲು ಸುಣ್ಣದ ಪುಡಿಯನ್ನು ಚೆಲ್ಲುವುದು ಎಲ್ಲೆಲ್ಲಿಯೂ ವಾಡಿಕೆ. ಗದ್ದೆಯ ಹುಳಿಯನ್ನು ತಗ್ಗಿಸಲು ಸುಣ್ಣವು ಒಳ್ಳೆಯದು. ಹುಳಿಮಣ್ಣನ್ನೇ ನೆಚ್ಚಿದ ಬೇಣದ ಸಸ್ಯಗಳಿಗಾದರೋ ಅದು ವಿಷಕ್ಕೆ ಸಮಾನ. ಬೂದಿಯೂ ರಾಸಾಯನಿಕ ಗೊಬ್ಬರವೂ ಇದರಂತೆಯೇ ಅಪಾಯಕಾರಿ. ಸತ್ತ್ವ ಹೆಚ್ಚಿದಲ್ಲಿ ಕಳೆಯು ಗೆಲ್ಲುವುದು, ಬಡಮಣ್ಣಿನ ಸಸ್ಯವು ಸೋಲುವುದು.

ಎಲ್ಲಕ್ಕಿಂತಲೂ ದೊಡ್ಡ ಹಾನಿಯು ಯಂತ್ರದಿಂದ ನೆಲವನ್ನು ಮಟ್ಟಮಾಡುವುದು. ಜೆ.ಸಿ.ಬಿ.ಯು ಅರ್ಧ ದಿನದಲ್ಲಿ ಕೆರೆದು ಅಂಚಿಗೆ ತಳ್ಳುವ ಆ ನಾಲ್ಕಂಗುಲ ಮಣ್ಣೇ ಬೇಣದ ಸರ್ವಸ್ವ. ಬೀಜಗಳೂ ಗೆಡ್ಡೆಗಳೂ ಅದರಲ್ಲಿಯೇ ಇರುತ್ತವೆ. ಬೇಸಗೆಯಲ್ಲಿ ಒಣಗಿ ಸತ್ತಂತೆ ಕಾಣುವ ನೆಲವು ನಿಜವಾಗಿ ನಿದ್ರಿಸುತ್ತಿರುವುದು. ಅದನ್ನು ಕೆರೆದು ತೆಗೆದರೆ ಮತ್ತೆ ಏಳುವುದಿಲ್ಲ.

ಉಳುವ ನೆಲ, ಉಳದ ನೆಲ

ನಮ್ಮ ಹಿರಿಯರು ಬಯಲಾಟಕ್ಕೂ ಊರ ಕೂಟಗಳಿಗೂ ಕೊಯ್ಲಾದ ಗದ್ದೆಯನ್ನು ಬಳಸುತ್ತಿದ್ದರು. ಕೆಸರುಗದ್ದೆಯ ಓಟವೂ ಗದ್ದೆಯಲ್ಲಿಯೇ ನಡೆಯುವುದು. ಇದರಲ್ಲಿ ಒಂದು ಯುಕ್ತಿಯಿದೆ. ಗದ್ದೆಯು ಉಳುವ ನೆಲ. ಸಾವಿರ ಜನ ತುಳಿದರೂ ಮುಂದಿನ ಮಳೆಗೆ ನೇಗಿಲು ಆ ಗಾಯವನ್ನು ಬಿಡಿಸುವುದು. ಬೇಣವು ಉಳದ ನೆಲ. ಅದರ ಗಾಯವನ್ನು ಬೇರು, ಎರೆಹುಳು, ಮಳೆಗಳು ಮಾತ್ರ ಮೆಲ್ಲಗೆ ಮಾಯಿಸಬೇಕು. ಅದನ್ನು ಉತ್ತರೆ ಅದು ಬೇಣವಾಗಿ ಉಳಿಯುವುದೇ ಇಲ್ಲ. ಆಟದ ಸ್ಥಳವನ್ನು ಗೊತ್ತುಮಾಡುವಾಗ ನೆನಪಿನಲ್ಲಿಡಬೇಕಾದ ಮುಖ್ಯ ಸೂತ್ರವು ಇದೊಂದೇ: ಆಟಕ್ಕೆ ಉಳುವ ನೆಲವನ್ನು ಕೊಡಿರಿ, ಉಳದ ನೆಲವನ್ನು ಹುಲ್ಲಿಗೆ ಬಿಡಿರಿ.

ಭತ್ತದ ಕೊಯ್ಲು ಮುಗಿದಂದಿನಿಂದ ಮುಂಗಾರು ಹತ್ತಿರವಾಗುವವರೆಗೆ ಗದ್ದೆಗಳು ಬಿಡುವಾಗಿರುತ್ತವೆ. ಪಂದ್ಯಾವಳಿಗಳ ಕಾಲವೂ ಬಹುಮಟ್ಟಿಗೆ ಅದೇ. ಉದ್ದು, ಹೆಸರು ಮುಂತಾದ ಎರಡನೆಯ ಬೆಳೆಯನ್ನು ಹಾಕದ, ರಸ್ತೆಗೆ ಸಮೀಪವಾದ ಗದ್ದೆಗಳನ್ನು ಇಬ್ಬರು ಮೂವರು ಹಿಡುವಳಿದಾರರು ಒಪ್ಪಿ ಒಟ್ಟಾಗಿ ಕೊಡಬಹುದು. ಗದ್ದೆಯ ಅಂಚುಗಳನ್ನು ಕಡಿಯದೆ ಕಾಪಾಡತಕ್ಕದ್ದು. ಬಾಡಿಗೆಯೆಂದು ಬಂದ ಹಣದಲ್ಲಿ ಉಳುಮೆಯ ಹೆಚ್ಚಿನ ಖರ್ಚನ್ನು ತುಂಬಿಕೊಳ್ಳಬಹುದು. ಶಾಲೆಯ ಮೈದಾನ, ತಾಲ್ಲೂಕಿನ ಕ್ರೀಡಾಂಗಣಗಳು ದೊರೆಯುವಲ್ಲಿ ಅವು ಇನ್ನೂ ಉತ್ತಮ.

ಬೇರೆಡೆಗಳಲ್ಲಿ ನಡೆದದ್ದು

ದೊಡ್ಡ ಆಟಗಳನ್ನು ಅಪರೂಪದ ಹುಲ್ಲುನೆಲದ ಮಗ್ಗುಲಲ್ಲಿ ನಡೆಸಲೇಬೇಕಾದಾಗ ಏನು ಮಾಡಬಹುದೆಂಬುದಕ್ಕೆ ಲಂಡನ್ನಿನ 2012ರ ಒಲಿಂಪಿಕ್ ಕ್ರೀಡೆಗಳು ಒಳ್ಳೆಯ ನಿದರ್ಶನ. ಕುದುರೆಸವಾರಿಯ ಪಂದ್ಯಗಳು 183 ಎಕರೆಯ ಗ್ರೀನಿಚ್ ಉದ್ಯಾನದಲ್ಲಿ ನಡೆದವು. ಅಲ್ಲಿಯೂ ನಮ್ಮ ಬೇಣದಂತೆಯೇ ಹುಳಿಯಾದ ಬಡಮಣ್ಣಿನ ಹುಲ್ಲುನೆಲವಿದೆ. ಆ ದೇಶದಲ್ಲಿ ಅದನ್ನು ಅಪರೂಪದ ನೆಲೆಯೆಂದು ಎಣಿಸುತ್ತಾರೆ. ಅಲ್ಲಿ ಶಾಶ್ವತವಾದ ಕಟ್ಟಡವನ್ನೇನೂ ಕಟ್ಟಲಿಲ್ಲ. ಮುಖ್ಯ ಅಂಗಣವನ್ನು ನೆಲವನ್ನು ಅಗೆದು ಮಟ್ಟಮಾಡದೆ ಕಾಲುಗಳ ಮೇಲೆ ನಿಲ್ಲಿಸಿದ ಅಟ್ಟದ ಮೇಲೆ ಹಾಸಿದರು. ಒಂದು ವರ್ಷ ಮುಂಚೆ, 2011ರಲ್ಲಿ, ಚಿಕ್ಕದೊಂದು ಪಂದ್ಯವನ್ನು ನಡೆಸಿ ಪರೀಕ್ಷಿಸಿದರು. ಆಟವಾದ ಮೇಲೆ ಎಲ್ಲವನ್ನೂ ಬಿಚ್ಚಿ ಒಯ್ದು ಹುಲ್ಲನ್ನು ಮತ್ತೆ ಎಬ್ಬಿಸುವ ಕೆಲಸವನ್ನು ಕೈಕೊಂಡರು.

ಅದೇ ವರ್ಷದ ಸೈಕಲ್ ಪಂದ್ಯವು ಬಾಕ್ಸ್ ಹಿಲ್ ಎಂಬ ಗುಡ್ಡವನ್ನು ಸುತ್ತಿಹೋಯಿತು. ಗಂಡಸರು ಆ ಗುಡ್ಡವನ್ನು 9 ಸಲ ಹತ್ತಿದರು. ಅದು ಸೀಮೆಸುಣ್ಣದ ಕಲ್ಲಿನ ಗುಡ್ಡ. ಅಲ್ಲಿನ ಹುಲ್ಲೂ ಹೂವುಗಳೂ ಬೇರೆಯೇ ಬಗೆಯವು. ರಸ್ತೆಯ ಬದಿಯ ಉಳಿದೆಡೆಗಳಲ್ಲಿ ಯಾರು ಬೇಕಾದರೂ ನಿಂತು ನೋಡಬಹುದಾಗಿದ್ದರೂ, ಈ ಗುಡ್ಡದ ಮೇಲೆ ಮಾತ್ರ ಟಿಕೀಟು ಪಡೆದ ಸುಮಾರು 15,000 ಜನರಿಗಷ್ಟೇ ಅವಕಾಶವಿತ್ತು. ಜಗತ್ತಿನ ಅತಿ ದೊಡ್ಡ ಕ್ರೀಡೆಯೇ ಹುಲ್ಲಿನ ಮುಂದೆ ಹೀಗೆ ಎಣಿಕೆಗೆ ಒಳಪಟ್ಟಿತೆಂಬುದು ಗಮನಿಸತಕ್ಕ ವಿಷಯ.

ನಮ್ಮ ರಾಜ್ಯದಲ್ಲಿಯೂ ಈ ಎಚ್ಚರವು ಮೂಡಿದೆ. 2024ರ ಜನವರಿಯ ಕೊನೆಯಲ್ಲಿ ಕುಮಾರಪರ್ವತಕ್ಕೆ ಒಂದೇ ಸಲ ಸಾವಿರಾರು ಚಾರಣಿಗರು ನುಗ್ಗಿದ ತರುವಾಯ, ಚಾರಣವನ್ನು ಕೆಲಕಾಲ ನಿಲ್ಲಿಸಿ, ಮುಂಗಡ ನೋಂದಣಿಯನ್ನೂ ದಿನದ ಜನಸಂಖ್ಯೆಯ ಮಿತಿಯನ್ನೂ ಗೊತ್ತುಮಾಡಲಾಯಿತು. ಬೆಂಗಳೂರಿನ ಬಳಿಯ ಹೆಸರಘಟ್ಟದ ಹುಲ್ಲುಗಾವಲನ್ನು ಸಂರಕ್ಷಿತ ಪ್ರದೇಶವಾಗಿ ಮಾಡುವ ಸೂಚನೆಯನ್ನು 2021ರಲ್ಲಿ ತಿರಸ್ಕರಿಸಿದ್ದ ರಾಜ್ಯ ವನ್ಯಜೀವಿ ಮಂಡಳಿಯು 2024ರಲ್ಲಿ, 5,678 ಎಕರೆಗಳ ಮಟ್ಟಿಗೆ, ಅದಕ್ಕೆ ಸಮ್ಮತಿಯಿತ್ತಿತು. ಬರಿಯ ಬಯಲೆಂದು ಕಂಡದ್ದು ಕಾಪಾಡತಕ್ಕ ಸೊತ್ತೆಂದು ತಿಳಿಯಲು ಕಾಲ ಹಿಡಿಯುವುದು. ಅಷ್ಟರಲ್ಲಿ ನೆಲವು ಉಳಿದಿರಬೇಕು, ಅಷ್ಟೆ.

ಕಾಲದ ವಿಚಾರ

ಗದ್ದೆಯಾಗಲಿ ಮೈದಾನವಾಗಲಿ ದೊರೆಯದೆ ಬೇಣದ ಅಂಚಿನಲ್ಲಿಯೇ ಕೂಟವನ್ನು ನಡೆಸುವುದು ಅನಿವಾರ್ಯವಾದರೆ, ಮೊದಲು ಕಾಲವನ್ನು ನೋಡತಕ್ಕದ್ದು.

ಜೂನಿನಿಂದ ಸೆಪ್ಟೆಂಬರಿನವರೆಗೆ ಮಣ್ಣು ತೊಯ್ದಿರುವುದು, ಸಸ್ಯಗಳು ಬೆಳೆದು ಹೂ ಬಿಡುತ್ತಿರುವವು. ಈ ಕಾಲದಲ್ಲಿ ಬೇಣದ ಮೇಲೆ ಯಾವ ಕೂಟವೂ ಕೂಡದು. ಅಕ್ಟೋಬರ್, ನವೆಂಬರ್ ತಿಂಗಳುಗಳಲ್ಲಿ ಹುಲ್ಲಿನ ಬೀಜವು ಬಲಿತು ಉದುರುವುದು, ಆಗಲೂ ಬಿಡಬೇಕು. ಫೆಬ್ರುವರಿಯಿಂದ ಮೇ ವರೆಗೆ ಹುಲ್ಲು ಒಣಗಿ ಬೆಂಕಿಯ ಭಯವಿರುವುದು, ನೆಲದಲ್ಲಿ ಮೊಟ್ಟೆಯಿಡುವ ಹಕ್ಕಿಗಳ ಕಾಲವೂ ಅದೇ. ಹೀಗೆ ಎಣಿಸಿದರೆ, ಕರಡವನ್ನು ಕೊಯ್ದು ಸಾಗಿಸಿದ ಮೇಲೆ, ಡಿಸೆಂಬರಿನ ನಡುವಿನಿಂದ ಜನವರಿಯ ಕೊನೆಯವರೆಗಿನ ಸುಮಾರು ಆರು ವಾರಗಳು ಮಾತ್ರ ಉಳಿಯುವವು. ಬೇಣವು ಸಹಿಸಬಲ್ಲ ಕಾಲವು ಅದೊಂದೇ.

ಒಪ್ಪಿಗೆ ಕೊಡುವ ಮುನ್ನ ವಿಧಿಸತಕ್ಕ ನಿಬಂಧನೆಗಳು

1. ಮಳೆಗಾಲದಲ್ಲಿಯೇ ಒಮ್ಮೆ ಬೇಣವನ್ನು ನಡೆದು ನೋಡಿ, ನೀರು ಜಿನುಗುವ ಕಡೆ, ಹೂಗಿಡಗಳು ದಟ್ಟವಾಗಿರುವ ಕಡೆ, ಒರತೆಯ ತಲೆಗಳನ್ನು ಗುರುತಿಸಿಟ್ಟುಕೊಳ್ಳಬೇಕು. ಆಟಕ್ಕೆ ಈ ಸ್ಥಳಗಳನ್ನು ಎಂದಿಗೂ ಕೊಡಕೂಡದು. ಗರಿಕೆ ಹಬ್ಬಿ ಮೊದಲೇ ತುಳಿತಕ್ಕೆ ಒಗ್ಗಿರುವ, ರಸ್ತೆಯ ಬದಿಯ ಮೂಲೆಯನ್ನು ಆರಿಸಬೇಕು.

2. ಆಟದ ಅಂಕಣ, ನೋಡುವವರ ಸ್ಥಳ, ನಡೆಯುವ ದಾರಿ ಈ ಮೂರಕ್ಕೂ ಹಗ್ಗ ಕಟ್ಟಿ ಮೇರೆಯನ್ನು ತೋರಿಸಬೇಕು. ಹಗ್ಗದ ಆಚೆಗೆ ಯಾರೂ ಹೋಗಕೂಡದು. ಎಷ್ಟು ಜನರಿಗೆ ಸ್ಥಳವುಂಟೆಂಬುದನ್ನು ಮೊದಲೇ ನಿರ್ಧರಿಸಿ ಸಾರಬೇಕು.

3. ವಾಹನಗಳು ರಸ್ತೆಯ ಬದಿಯಲ್ಲಿಯೋ ಕೊಯ್ಲಾದ ಗದ್ದೆಯಲ್ಲಿಯೋ ನಿಲ್ಲಬೇಕು. ಬೇಣದ ಮೇಲೆ ಸಾಮಾನು ತರುವ ಒಂದು ಗಾಡಿಯ ಹೊರತು ಬೇರಾವುದೂ ಬರಕೂಡದು.

4. ನೆಲವನ್ನು ಮಟ್ಟಮಾಡುವುದು, ಅಗೆಯುವುದು, ಹೊರಗಿನ ಮಣ್ಣು ಸುರಿಯುವುದು ಸರ್ವಥಾ ಕೂಡದು. ಕ್ರಿಕೆಟ್ಟಿಗೆ ಹಾಸುವ ಮ್ಯಾಟು ಸಾಕು. ಗೆರೆಗಳಿಗೆ ಸುಣ್ಣದ ಬದಲು ಬಟ್ಟೆಯ ಪಟ್ಟಿಯನ್ನೋ ಹಗ್ಗವನ್ನೋ ಗೂಟಕ್ಕೆ ಬಿಗಿಯಬಹುದು.

5. ಅಡಿಗೆಯ ಒಲೆ, ಪಟಾಕಿಗಳು ಬೇಣದಲ್ಲಿ ಕೂಡದು. ನೀರಿನ ಪೀಪಾಯಿ, ಸೊಪ್ಪಿನ ಗೆಲ್ಲುಗಳೊಡನೆ ಇಬ್ಬರು ಕಾವಲುಗಾರರು ಬೆಂಕಿಗೆಂದೇ ಇರಬೇಕು.

6. ಆಟವು ಸಂಜೆಗೆ ಮುಗಿಯಬೇಕು. ರಾತ್ರಿಯ ದೀಪವೂ ಧ್ವನಿವರ್ಧಕವೂ ನೆಲದ ಹಕ್ಕಿಗಳನ್ನು ಓಡಿಸುತ್ತವೆ.

7. ಕಸವನ್ನು ತಂದವರೇ ಒಯ್ಯತಕ್ಕದ್ದು. ಬಿಟ್ಟುಹೋದ ಪ್ಲಾಸ್ಟಿಕ್ಕನ್ನು ಮೇಯಲು ಬಂದ ದನವು ನುಂಗುವುದು; ಆ ನಷ್ಟವು ಆಟವಾಡಿಸಿದವರಿಗಲ್ಲ, ದನದ ಒಡೆಯನಿಗೆ.

8. ವ್ಯವಸ್ಥಾಪಕರಿಂದ ಠೇವಣಿಯನ್ನು ಮೊದಲೇ ಪಡೆದು, ನೆಲವನ್ನು ನೋಡಿ ಒಪ್ಪಿದ ಮೇಲೆ ಹಿಂದಿರುಗಿಸಬೇಕು. ಷರತ್ತುಗಳು ಬರಹದಲ್ಲಿರಬೇಕು.

ಜೀಪು ಮತ್ತು ಮೋಟಾರು ಸೈಕಲ್ಲುಗಳ ಪಂದ್ಯಕ್ಕೆ ಈ ನಿಬಂಧನೆಗಳು ಸಾಲವು; ಅವುಗಳನ್ನು ಹುಲ್ಲುನೆಲದ ಮೇಲೆ ನಡೆಸಲೇಕೂಡದು. ಕೊಡಚಾದ್ರಿಯಂಥ ಎತ್ತರದ ಬೆಟ್ಟಗಳ ಹುಲ್ಲಿನ ಇಳಿಜಾರುಗಳಲ್ಲಂತೂ ಸ್ಪರ್ಧೆಯ ಮಾತೇ ಸಲ್ಲದು. 1,343 ಮೀಟರು ಎತ್ತರದ ಆ ಬೆಟ್ಟವು ಮೂಕಾಂಬಿಕಾ ವನ್ಯಜೀವಿಧಾಮಕ್ಕೆ ಸೇರಿದ್ದು, 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಪ್ರಕಾರ ಅನುಮತಿಯಿಲ್ಲದೆ ಅಲ್ಲಿಗೆ ಪ್ರವೇಶವೇ ಇಲ್ಲ.

ನೆಲದ ಪರೀಕ್ಷೆಯೂ ಆರೈಕೆಯೂ

ಹಾನಿಯಾಯಿತೇ ಇಲ್ಲವೇ ಎಂಬ ವಾದವನ್ನು ಬಿಡಿಸಲು ಸುಲಭವಾದ ಒಂದು ಉಪಾಯವುಂಟು. ಎರಡು ಕಡೆಯೂ ತೆರೆದ ತಗಡಿನ ಡಬ್ಬವೊಂದನ್ನು ಎರಡಂಗುಲದಷ್ಟು ಮಣ್ಣಿನೊಳಕ್ಕೆ ಒತ್ತಿ, ಅದರಲ್ಲಿ ಒಂದು ಲೀಟರು ನೀರು ಹೊಯ್ದು, ಅದು ಇಂಗಲು ಹಿಡಿಯುವ ಹೊತ್ತನ್ನು ಗಡಿಯಾರದಿಂದ ನೋಡಿ ಬರೆದುಕೊಳ್ಳಬೇಕು. ಆಟಕ್ಕೆ ಮುಂಚೆ ಐದು ಕಡೆ, ಆಟವಾದ ಮೇಲೆ ಅದೇ ಐದು ಸ್ಥಳಗಳ ಮಗ್ಗುಲಲ್ಲಿ ಹೀಗೆ ಮಾಡಿದರೆ ಎರಡು ಹೊತ್ತುಗಳ ಅಂತರವೇ ಮಣ್ಣು ಎಷ್ಟು ಅಮರಿತೆಂಬುದನ್ನು ಹೇಳುವುದು. ವ್ಯವಸ್ಥಾಪಕರ ಮುಂದೆಯೇ ಈ ಪರೀಕ್ಷೆಯನ್ನು ಮಾಡಿದರೆ ಠೇವಣಿಯ ವಿಷಯದಲ್ಲಿ ಮನಸ್ತಾಪಕ್ಕೆ ಎಡೆಯಿರುವುದಿಲ್ಲ.

ಗಟ್ಟಿಯಾದ ಬೇಣವನ್ನು ಉಳಕೂಡದು. ಗಾಲಿಯ ಜಾಡನ್ನು ಅಲ್ಲಿಯ ಮಣ್ಣಿನಿಂದಲೇ ಮುಚ್ಚಿ, ನೀರು ಹರಿಯದಂತೆ ಅಡ್ಡಲಾಗಿ ಗೆಲ್ಲುಗಳನ್ನು ಹಾಸಬೇಕು. ಅದೇ ಬೇಣದಿಂದ ಕೊಯ್ದ, ಬೀಜವಿರುವ ಕರಡವನ್ನು ತೆಳ್ಳಗೆ ಹರಡಿದರೆ ಅದು ನೆರಳೂ ಆಗುವುದು, ಬಿತ್ತನೆಯೂ ಆಗುವುದು. ಮುಂದಿನ ಒಂದು ಮಳೆಗಾಲ ಆ ಭಾಗಕ್ಕೆ ದನಗಳನ್ನು ಬಿಡದೆ ಕಾಯಬೇಕು. ಹೊಸದಾಗಿ ಹುಟ್ಟಿದ ಕಾಂಗ್ರೆಸ್ ಹುಲ್ಲನ್ನೂ ಯುಪಟೋರಿಯಂ ಗಿಡವನ್ನೂ ಹೂ ಬಿಡುವ ಮೊದಲೇ ಬೇರುಸಹಿತ ಕಿತ್ತುಹಾಕಬೇಕು. ಒಮ್ಮೆ ಆಟ ನಡೆದ ಭಾಗದಲ್ಲಿ ನೀರು ಮೊದಲಿನಂತೆ ಇಂಗುವವರೆಗೂ ಮತ್ತೆ ಕೂಟಕ್ಕೆ ಒಪ್ಪಕೂಡದು.

ಮುಖಂಡರ ಅಧಿಕಾರ ಮತ್ತು ಹೊಣೆ

ಬೇಣ, ಸೊಪ್ಪಿನಬೆಟ್ಟ, ಕಾನುಗಳು ತೋಟದವರ ಅನುಭವದಲ್ಲಿದ್ದರೂ ಅವು ಬಹುಮಟ್ಟಿಗೆ ಅವರ ಪೂರ್ಣ ಸೊತ್ತಲ್ಲ. 1964ರ ಭೂಕಂದಾಯ ಕಾಯಿದೆಯ 79ನೆಯ ಕಲಮು ಸೊಪ್ಪಿನಬೆಟ್ಟ ಮತ್ತು ಕಾನುಗಳಲ್ಲಿ ರೈತರಿಗೆ ಮುಂದುವರಿಸಿರುವುದು ಹಿಂದಿನಿಂದ ಬಂದ ಸೌಲಭ್ಯವನ್ನು ಮಾತ್ರ. ಬಾಡಿಗೆಗೆ ಕೊಡುವ ಹಕ್ಕನ್ನಲ್ಲ. ಗೋಮಾಳದ ವಿಷಯದಲ್ಲಿ, 1966ರ ನಿಯಮಗಳ 97ನೆಯ ನಿಯಮವು ನೂರು ಜಾನುವಾರುಗಳಿಗೆ 12 ಹೆಕ್ಟೇರು, ಎಂದರೆ ಸುಮಾರು 30 ಎಕರೆ, ಮೇವಿನ ನೆಲವನ್ನು ಕಾದಿಡಬೇಕೆಂದು ಹೇಳುವುದು. ಆದ್ದರಿಂದ ಕೂಟಕ್ಕೆ ಒಪ್ಪುವ ಮುನ್ನ ಪಹಣಿಯನ್ನು ನೋಡಿ, ಕಂದಾಯದ ಮತ್ತು ಅರಣ್ಯದ ಅಧಿಕಾರಿಗಳನ್ನು ವಿಚಾರಿಸುವುದು ಯುಕ್ತ. 2002ರ ಜೀವವೈವಿಧ್ಯ ಕಾಯಿದೆಯಂತೆ ಪ್ರತಿಯೊಂದು ಗ್ರಾಮಪಂಚಾಯಿತಿಯಲ್ಲಿಯೂ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರತಕ್ಕದ್ದು. ಊರಿನ ಬೇಣಗಳ ಸಸ್ಯ, ಹಕ್ಕಿ, ಒರತೆಗಳ ವಿವರವನ್ನು ಆ ಸಮಿತಿಯ ದಾಖಲೆಯಲ್ಲಿ ಬರೆಯಿಸಿಟ್ಟರೆ, ಮುಂದೆ ಯಾರಾದರೂ ಅದನ್ನು ಬರಿಯ ಬಯಲೆಂದು ಕೇಳಿಕೊಂಡು ಬಂದಾಗ ಉತ್ತರವು ಸಿದ್ಧವಾಗಿರುವುದು.

ಕೂಟವನ್ನು ನಡೆಸುವ ತರುಣರು ನಮ್ಮ ಮನೆಯ ಮಕ್ಕಳೇ. ಅವರಿಗೆ ಬೇಣ ಬೇಡವೆಂದು ಹೇಳಿ ಸುಮ್ಮನಾದರೆ ಅದು ಕಲಹಕ್ಕೆ ಕಾರಣವಾದೀತು. ಗದ್ದೆಯಿದೆ, ಬನ್ನಿರೆಂದು ಕರೆದರೆ ಅದೇ ನಿಜವಾದ ಮುಖಂಡತನ. ಪ್ರತಿಯೊಂದು ಗ್ರಾಮದಲ್ಲಿಯೂ ಈ ಕೊಯ್ಲು ಮುಗಿಯುವುದರೊಳಗೆ ಆಟಕ್ಕೆ ಕೊಡಬಹುದಾದ ಗದ್ದೆ ಯಾವುದು, ಎಂದಿಗೂ ಕೊಡಕೂಡದ ಬೇಣ ಯಾವುದು ಎಂಬುದನ್ನು ಗ್ರಾಮಸಭೆಯಲ್ಲಿ ಗೊತ್ತುಮಾಡಿ ಬರೆದಿಡುವುದು ಮೇಲು. ಆ ಒಂದು ಹಾಳೆಯ ಬರಹದಿಂದ ಮಕ್ಕಳಿಗೆ ಆಟವೂ, ದನಗಳಿಗೆ ಹುಲ್ಲೂ, ತೋಟಕ್ಕೆ ಒರತೆಯೂ ಉಳಿಯುವುವು.